ಸೂರ್ಯನೇ ಇಲ್ಲದ ಕಡೆ ಜೀವ

ಮೊನ್ನೆ ಟೀ ಅಂಗಡಿಯಲ್ಲಿ ಗೆಳೆಯನ ಜೊತೆ ಸಣ್ಣ ಜಗಳವಾಯಿತು. ವಿಷಯ ರಾಜಕೀಯ ಅಲ್ಲ, ಅಲೆಮಾರಿ ಗ್ರಹಗಳು. ಹುಟ್ಟಿದ ಮನೆಯಿಂದ ಹೊರಬಿದ್ದು, ಯಾವ ನಕ್ಷತ್ರದ ಹಂಗೂ ಇಲ್ಲದೆ ಕತ್ತಲಲ್ಲಿ ತೇಲುವ ಗ್ರಹಗಳು. ನಮ್ಮ ಗ್ಯಾಲಕ್ಸಿಯಲ್ಲಿ ಇಂಥವು ನಕ್ಷತ್ರಗಳಿಗಿಂತ ಎಷ್ಟೋ ಜಾಸ್ತಿ ಇರಬಹುದು ಅಂತ 2023ರಲ್ಲಿ ಒಂದು ಲೆಕ್ಕ ಬಂದಿತ್ತು. "ಇದ್ದರೇನು? ಸೂರ್ಯನಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡಲ್ಲ" ಅಂದ ಅವನು. ಹುಲ್ಲುಕಡ್ಡಿಯ ಮಟ್ಟಿಗೆ ಅವನ ಮಾತು ಸರಿ. ಆದರೆ ಜೀವ ಅಂದರೆ ಬರೀ ಹುಲ್ಲುಕಡ್ಡಿ ಅಲ್ವಲ್ಲ.

ಭೂಮಿಯನ್ನೇ ಸೂರ್ಯನಿಂದ ದೂರ ಎಸೆದರೆ ಏನಾಗುತ್ತದೆ? ಗಾಳಿಯೇ ಹೆಪ್ಪುಗಟ್ಟಿ ನೆಲಕ್ಕೆ ಉದುರುತ್ತದೆ. ಸಾರಜನಕ ಗಟ್ಟಿಯಾಗಲು ಮೈನಸ್ 210 ಡಿಗ್ರಿ ಸಾಕು, ನೆಲ ಅದಕ್ಕಿಂತಲೂ ತಣ್ಣಗಾಗುತ್ತದೆ. ಸಮುದ್ರದ ಮೇಲೆ ಕಿಲೋಮೀಟರ್‌ಗಟ್ಟಲೆ ಮಂಜುಗಡ್ಡೆ. ಆದರೆ ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ, ಕೆಳಗಿನ ಕಾವನ್ನು ಹಿಡಿದಿಡುತ್ತದೆ. ಭೂಮಿ ಹುಟ್ಟಿ ಸುಮಾರು 450 ಕೋಟಿ ವರ್ಷವಾದರೂ ಒಳಗಿನ ಬಿಸಿ ಇನ್ನೂ ಆರಿಲ್ಲ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ನಿಧಾನವಾಗಿ ಒಡೆಯುತ್ತಾ ಕಾಯಿಸುತ್ತಲೇ ಇವೆ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಥೇಟ್ ಹಾಗೆ. ಭೂಮಿಯ ಮೂರೂವರೆ ಪಟ್ಟು ತೂಕದ ಅಲೆಮಾರಿ ಗ್ರಹವಾದರೆ ಈ ಕಾವಿನಲ್ಲೇ ಮಂಜಿನಡಿ ಸಮುದ್ರ ಉಳಿಯಬಲ್ಲದು ಅಂತ 2011ರ ಒಂದು ಲೆಕ್ಕ ಹೇಳುತ್ತದೆ. ಗ್ರಹ ವಿಜ್ಞಾನಿ ಡೇವಿಡ್ ಸ್ಟೀವನ್ಸನ್ 1999ರಲ್ಲೇ ಇನ್ನೊಂದು ದಾರಿ ತೋರಿಸಿದ್ದರು. ದಪ್ಪ ಹೈಡ್ರೋಜನ್ ಗಾಳಿಯ ಕಂಬಳಿ ಇದ್ದರೆ ಮಂಜೂ ಬೇಡ, ನೆಲದ ಮೇಲೇ ನೀರು ನಿಲ್ಲಬಹುದು.

ಇಲ್ಲಿ ಎಲ್ಲರೂ ಕೊಡುವ ಒಂದು ಉದಾಹರಣೆ ಇದೆ. 1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಹತ್ತಿರ ಎರಡೂವರೆ ಕಿಲೋಮೀಟರ್ ಆಳದಲ್ಲಿ ಸಿಕ್ಕ ಬಿಸಿನೀರಿನ ಬುಗ್ಗೆಗಳು. ಸುತ್ತ ಬಾಯಿಯೂ ಕರುಳೂ ಇಲ್ಲದ ಉದ್ದುದ್ದ ಕೊಳವೆ ಹುಳುಗಳು. "ನೋಡಿ, ಬಿಸಿಲಿಲ್ಲದೆ ಬದುಕಿವೆ!" ಅಂತಾರೆ. ನನಗೆ ಈ ವಾದ ಅಷ್ಟಾಗಿ ಹಿಡಿಸಲ್ಲ. ಆ ಹುಳುಗಳಿಗೆ ಆಮ್ಲಜನಕ ಬೇಕು. ಅದನ್ನು ಮಾಡಿದ್ದು ಮೇಲಿನ ಬಿಸಿಲಲ್ಲಿರುವ ಪಾಚಿ. ಅಂದರೆ ಸೂರ್ಯನ ಸಾಲ ಅಲ್ಲಿಗೂ ಹೋಗಿದೆ.

ನಾನು ಗೆಳೆಯನಿಗೆ ಕೊಟ್ಟ ಸಾಕ್ಷಿ ಬೇರೆ. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಚಿನ್ನದ ಗಣಿ, 2.8 ಕಿಲೋಮೀಟರ್ ಆಳ. ಅಲ್ಲಿ ಬಂಡೆಯ ಬಿರುಕಿನ ನೀರಲ್ಲಿ ಹೆಚ್ಚೂಕಡಿಮೆ ಒಂದೇ ಜಾತಿಯ ಬ್ಯಾಕ್ಟೀರಿಯಾ ಒಂಟಿ ಸಂಸಾರ ಮಾಡುತ್ತಿತ್ತು. ಬಂಡೆಯೊಳಗಿನ ಯುರೇನಿಯಂನ ವಿಕಿರಣ ನೀರನ್ನು ಒಡೆಯುತ್ತದೆ, ಹೈಡ್ರೋಜನ್ ಬರುತ್ತದೆ, ಬ್ಯಾಕ್ಟೀರಿಯಾ ಅದನ್ನು ಉಣ್ಣುತ್ತದೆ. ಬಿಸಿಲಿಲ್ಲ, ಆಮ್ಲಜನಕವೂ ಬೇಡ. (ನಮ್ಮ ಕೆಜಿಎಫ್ ಗಣಿಯೂ ಮೂರು ಕಿಲೋಮೀಟರ್ ದಾಟಿತ್ತು. 2001ರಲ್ಲಿ ಮುಚ್ಚಿದ ಮೇಲೆ ನೀರು ತುಂಬಿಕೊಂಡಿದೆ. ಅಲ್ಲಿ ಯಾರು ಸಂಸಾರ ಹೂಡಿದ್ದಾರೋ ಅಂತ ಆಗಾಗ ಯೋಚಿಸುತ್ತೇನೆ.)

"ಸರಿ, ಬದುಕುತ್ತೆ. ಹುಟ್ಟುತ್ತಾ?" ಅಂದ ಅವನು. ಒಳ್ಳೆ ಪ್ರಶ್ನೆ. ಚಳಿ ಜೀವದ ಶತ್ರು ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಐಸ್ ಕ್ಯಾಂಡಿ ಚೀಪಿದಾಗ ಬಣ್ಣ, ಸಿಹಿ ಮೊದಲು ಬಂದು, ಕೊನೆಗೆ ಬಿಳಿ ಮಂಜು ಮಾತ್ರ ಉಳಿಯುತ್ತೆ ಅಲ್ವಾ? ನೀರು ಗಟ್ಟಿಯಾಗುವಾಗ ಬೇರೆಲ್ಲವನ್ನೂ ಸಣ್ಣ ಸಣ್ಣ ಬಿರುಕುಗಳಿಗೆ ತಳ್ಳುತ್ತದೆ. ಅಲ್ಲಿ ರಾಸಾಯನಿಕಗಳು ಒತ್ತೊತ್ತಾಗಿ ಸೇರುತ್ತವೆ. ರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಮಿಲ್ಲರ್ 1972ರಲ್ಲಿ ಅಮೋನಿಯಾ ಮತ್ತು ಸಯನೈಡ್ ಬೆರೆಸಿದ ನೀರನ್ನು ಮೈನಸ್ 78 ಡಿಗ್ರಿಯಲ್ಲಿ ಇಟ್ಟು, ಸುಮಾರು 25 ವರ್ಷ ಹಾಗೇ ಬಿಟ್ಟರು. ತೆಗೆದು ನೋಡಿದರೆ ಅಡೆನಿನ್, ಗ್ವಾನಿನ್! ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎರಡು. ಅಕ್ಷರ ಸಿಕ್ಕ ಮಾತ್ರಕ್ಕೆ ಕಾವ್ಯ ಹುಟ್ಟಲ್ಲ, ಒಪ್ಪಿದೆ. ಆದರೆ ಚಳಿಯಲ್ಲಿ ಏನೂ ನಡೆಯಲ್ಲ ಅನ್ನೋದು ಮಾತ್ರ ಸುಳ್ಳು.

ನನ್ನ ಅನುಮಾನ ಇರುವುದು ಚಳಿಯ ಮೇಲಲ್ಲ, ಬಡತನದ ಮೇಲೆ. ಭೂಮಿಯ ಒಳಗಿನಿಂದ ಒಂದು ಚದರ ಮೀಟರಿಗೆ ಬರುವ ಶಾಖ 0.1 ವ್ಯಾಟ್ ಕೂಡ ಇಲ್ಲ. ಬಿಸಿಲು ನೂರಾರು ವ್ಯಾಟ್. ಇಷ್ಟರಲ್ಲಿ ಹೊಟ್ಟೆಬಟ್ಟೆ ನಡೆದೀತು, ಮದುವೆ ಮುಂಜಿ ಆಗಲ್ಲ. ಹಾಗಾಗಿ ಕತ್ತಲ ಗ್ರಹದಲ್ಲಿ ಜೀವ ಇದ್ದರೆ ಅದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿ, ಅದೂ ಬಹಳ ನಿಧಾನದ್ದು ಅಂತ ನನ್ನ ನಂಬಿಕೆ. ಮೀನು, ಆಮೆ, ನಮ್ಮಂಥ ಜಗಳಗಂಟರು ಅಲ್ಲಿ ಕಷ್ಟ.

ಅಲೆಮಾರಿ ಗ್ರಹಕ್ಕೆ ಹೋಗಿ ನೋಡೋದು ಆಗದ ಮಾತು. ಆದರೆ ಶನಿಯ ಚಂದ್ರ ಎನ್ಸೆಲಾಡಸ್ ಇದೆ. ಬರೀ 500 ಕಿಲೋಮೀಟರ್ ಅಗಲ, ಮೇಲೆ ಮೈನಸ್ 200 ಡಿಗ್ರಿ, ಮಂಜಿನಡಿ ಕಗ್ಗತ್ತಲ ಸಮುದ್ರ. ಅಲ್ಲಿ ಕಾವು ಕೊಡೋದು ಶನಿಯ ಗುರುತ್ವದ ಎಳೆದಾಟ. ಅದು ಚಿಮ್ಮಿಸುವ ನೀರಲ್ಲಿ ಹೈಡ್ರೋಜನ್ ಇದೆ ಅಂತ 2017ರಲ್ಲಿ ತಿಳಿಯಿತು, ಜೀವಕ್ಕೆ ಬೇಕಾದ ಫಾಸ್ಫೇಟ್ ಇದೆ ಅಂತ 2023ರಲ್ಲಿ. ಎರಡನ್ನೂ ಹಿಡಿದದ್ದು ಶನಿಯನ್ನು ಸುತ್ತಿದ ಕ್ಯಾಸಿನಿ ನೌಕೆ. ಊಟ ಬಡಿಸಿದೆ, ಉಣ್ಣುವವರು ಇದ್ದಾರಾ ಅಂತ ನೋಡಬೇಕಷ್ಟೆ.

ಇಷ್ಟೆಲ್ಲ ಹೇಳಿದ ಮೇಲೂ ಗೆಳೆಯ "ನೋಡೋಣ" ಅಂದ. ಟೀ ದುಡ್ಡು ಮಾತ್ರ ಅವನೇ ಕೊಟ್ಟ. ವಾದ ಒಪ್ಪಿ ಅಲ್ಲ, ನನ್ನ ಫೋನಿನ ಚಾರ್ಜ್ ಮುಗಿದಿತ್ತು.