ಹಸು ಎಮ್ಮೆಗಳ ನಡುವೆ ಭಾಷಾಶಾಸ್ತ್ರ

ಲೈಬ್ರರಿಯಿಂದ ಪುಸ್ತಕ ಕದ್ದವರು ಬೇಕಾದಷ್ಟು ಜನ ಸಿಗುತ್ತಾರೆ. ಲೈಬ್ರರಿಯ ಒಳಕ್ಕೆ ಪುಸ್ತಕ ಕದ್ದು ಸಾಗಿಸಿದವನು, ನನಗೆ ಗೊತ್ತಿರುವ ಮಟ್ಟಿಗೆ, ನಾನೊಬ್ಬನೇ. ಅದೂ ಹೊಟ್ಟೆಗೂ ಅಂಗಿಗೂ ನಡುವೆ ಸಿಕ್ಕಿಸಿಕೊಂಡು, ಮಾರ್ಚ್ ತಿಂಗಳ ಬಿಸಿಲಲ್ಲಿ.

1999ನೇ ಇಸವಿ. ಕನ್ನಡ ಎಂ.ಎ. ಮೊದಲ ವರ್ಷ. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ಅದರ ಮರ್ಯಾದೆಗಿಂತ ನನ್ನದೇ ಜಾಸ್ತಿ ಹೋಗುತ್ತದೆ.

ಆಗ ನಮಗೆ ತಲಾ ನಾಲ್ಕು ಟಿಕೆಟ್ ಕೊಡುತ್ತಿದ್ದರು. ಟಿಕೆಟ್ ಎಂದರೆ ಬಸ್ಸಿನದಲ್ಲ, ಅಂಗೈಯಗಲದ ರಟ್ಟಿನ ಜೇಬು. ಪುಸ್ತಕದೊಳಗೆ ಒಂದು ಕಾರ್ಡ್ ಇರುತ್ತದೆ. ಕೌಂಟರಿನವರು ಆ ಕಾರ್ಡ್ ಎಳೆದು ನಮ್ಮ ರಟ್ಟಿನ ಜೇಬಿಗೆ ತುರುಕಿ, ಉದ್ದನೆಯ ಮರದ ಟ್ರೇಯಲ್ಲಿ ತಾರೀಕಿನ ಪ್ರಕಾರ ನಿಲ್ಲಿಸುತ್ತಾರೆ. ಪುಸ್ತಕದ ಸ್ಲಿಪ್ಪಿನ ಮೇಲೆ 'ಟಪ್' ಎಂದು ಸೀಲು. ಪುಸ್ತಕ ವಾಪಸ್ ಕೊಟ್ಟಾಗ ಕಾರ್ಡು ಪುಸ್ತಕಕ್ಕೆ, ಟಿಕೆಟ್ಟು ನಮಗೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನೀನಾ ಬ್ರೌನ್ ಎಂಬ ಅಮೆರಿಕದ ಹೆಣ್ಣುಮಗಳು ಮಾಡಿಟ್ಟ ಏರ್ಪಾಡು ಇದು. ಒಂದು ಶತಮಾನ ಕಳೆದರೂ ನಮ್ಮೂರಿನ ಟ್ರೇಯಲ್ಲಿ ಅಲುಗಾಡದೆ ನಿಂತಿತ್ತು. ಪುಸ್ತಕ ಎಲ್ಲಿದೆ ಎನ್ನುವುದು ಆ ಟ್ರೇಗೆ ಬೇಕಿಲ್ಲ. ಕಾರ್ಡು ಎಲ್ಲಿದೆ ಎನ್ನುವುದಷ್ಟೇ ಬೇಕು. ಇದು ನನಗೆ ಅರ್ಥವಾಗುವಾಗ ಒಂದೂವರೆ ವರ್ಷ ತಡವಾಗಿತ್ತು.

ನಾನು ತಂದದ್ದು ಭಾಷಾಶಾಸ್ತ್ರದ ಒಂದು ಪುಸ್ತಕ. ವಾಪಸ್ ಕೊಡಬೇಕಾದ ದಿನ ಫೆಬ್ರವರಿ 15. ಕೊಡಲಿಲ್ಲ. ಓದುತ್ತಿದ್ದೆ ಅಂತಲ್ಲ. ಹಾಸ್ಟೆಲ್ ಕಿಟಕಿಯ ಕೊಂಡಿ ಮುರಿದಿತ್ತು. ಕಿಟಕಿ ಬಡಿದುಕೊಳ್ಳದ ಹಾಗೆ ಒತ್ತಿಡಲು ಸರಿಯಾದ ದಪ್ಪದ ಪುಸ್ತಕ ಅದೊಂದೇ ಇತ್ತು. ನೆನಪಾದಾಗ ನಲವತ್ತು ದಿನ ಕಳೆದಿತ್ತು. ದಿನಕ್ಕೆ ಐವತ್ತು ಪೈಸೆಯಂತೆ ಇಪ್ಪತ್ತು ರೂಪಾಯಿ ದಂಡ. ಇಪ್ಪತ್ತು ರೂಪಾಯಿ ಎಂದರೆ ಕ್ಯಾಂಟೀನಿನಲ್ಲಿ ಎರಡು ಮಸಾಲೆ ದೋಸೆ, ಮೇಲೊಂದು ಕಾಫಿ.

ಆಗ ಹೊಳೆದದ್ದು ಈ ಉಪಾಯ. ಬಾಗಿಲಲ್ಲಿ ಕೂತ ವಾಚ್‌ಮನ್ ಹೊರಗೆ ಹೋಗುವವರನ್ನು ತಡಕುತ್ತಾನೆ. ಒಳಗೆ ಬರುವವರ ಬ್ಯಾಗ್ ಇಡಿಸಿಕೊಳ್ಳುತ್ತಾನೆ, ಹೊಟ್ಟೆ ಮುಟ್ಟುವುದಿಲ್ಲ. ಸೀದಾ ಒಳಗೆ ಹೋದೆ. ಗೋಡೆಯ ಮೇಲೆ ಎಸ್.ಆರ್. ರಂಗನಾಥನ್ ಅವರ ಫೋಟೋ. ಪ್ರತಿ ಆಗಸ್ಟ್ 12ಕ್ಕೆ ಅದಕ್ಕೆ ಹಾರ ಬೀಳುತ್ತದೆ. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದುಕೊಟ್ಟ ದೊಡ್ಡವರು. ಮೊದಲನೆಯದೇ 'ಪುಸ್ತಕಗಳಿರುವುದು ಬಳಕೆಗೆ'. ಕಿಟಕಿಗೆ ಒತ್ತಿಡುವುದೂ ಬಳಕೆಯೇ ಅಲ್ವಾ? ಆದರೂ ಅವರ ಕಣ್ಣು ತಪ್ಪಿಸಿಕೊಂಡೇ ನಡೆದೆ. ಭಾಷಾಶಾಸ್ತ್ರದ ನಂಬರ್ ಆದ 410ರ ಸಾಲಿಗೆ ಹೋಗಿ, ಬೆವರಿನಿಂದ ಒದ್ದೆಯಾದ ಪುಸ್ತಕವನ್ನು ಅದರ ಜಾಗಕ್ಕೇ ಸೇರಿಸಿ, ಖಾಲಿ ಹೊಟ್ಟೆಯಲ್ಲಿ ಹೊರಬಂದೆ. ಪುಸ್ತಕ ಲೈಬ್ರರಿಯದು, ಲೈಬ್ರರಿಯಲ್ಲೇ ಇದೆ, ಇನ್ನೇನು ಬೇಕು? ನಾಲ್ಕು ಟಿಕೆಟ್‌ನಲ್ಲಿ ಮೂರೇ ಉಳಿದಿದ್ದು ಆಮೇಲೆ ಗಮನಕ್ಕೆ ಬಂತು. ಎಲ್ಲೋ ಬಿದ್ದು ಹೋಗಿರಬೇಕು ಎಂದುಕೊಂಡೆ. ನಾನೊಬ್ಬ ಬುದ್ಧಿವಂತ.

ಈ ಬುದ್ಧಿವಂತಿಕೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಎರಡನೇ ವರ್ಷಕ್ಕೆ ಬಂದ ಮೇಲೆ ನಾನು ಸೀನಿಯರ್. ಜೂನಿಯರ್ ಹುಡುಗರಿಗೆ ಜ್ಞಾನ ಹಂಚಬೇಕಾದದ್ದು ಧರ್ಮ. ಪರೀಕ್ಷೆ ಹತ್ತಿರ ಬಂದಾಗ ಬೇಕಾದ ಪುಸ್ತಕ ಬೇರೆಯವರ ಪಾಲಾಗದಂತೆ ಏನು ಮಾಡಬೇಕು? ಬೇರೆ ವಿಷಯದ ಸಾಲಿನಲ್ಲಿ ಬಚ್ಚಿಡಬೇಕು. ಎಲ್ಲಿ? ನಮ್ಮ ಕನ್ನಡ ಸಾಹಿತ್ಯದ ಹತ್ತಿರವಂತೂ ಬೇಡ. ಅಂದ ಹಾಗೆ, ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಟ್ಟು ಜೋಡಿಸಲು ಡ್ಯೂಯಿ ಎಂಬ ಮಹಾಶಯ 1876ರಲ್ಲಿ ಶುರುಮಾಡಿದ ಅಂಕಿ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820, ಕೇಳಲು ಎಷ್ಟು ಸಲೀಸು. ಕನ್ನಡ ಸಾಹಿತ್ಯಕ್ಕೆ 894.814. ಒಂದು ಸಾವಿರ ವರ್ಷದ ಸಾಹಿತ್ಯವನ್ನು ಬಿಂದುವಿನ ಆಚೆ ಮೂರನೇ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದಾರೆ. ಕ್ಲಾಸಿನಲ್ಲಿ ಪಂಪನ ಪದ್ಯ ಮರೆತರೂ ಈ ಸಿಟ್ಟಿನಿಂದ ನಂಬರ್ ಮಾತ್ರ ನೆನಪಿದೆ.

ಬಚ್ಚಿಡಲು ನಾನು ಕಂಡುಕೊಂಡಿದ್ದ ಸಾಲು 636. ಪಶುಸಂಗೋಪನೆ. ನಮ್ಮದು ಕೃಷಿ ವಿಶ್ವವಿದ್ಯಾಲಯವಲ್ಲ. ಯಾವ ಕಾಲದಲ್ಲಿ ಯಾರು ತರಿಸಿದರೋ, ಹಸು, ಎಮ್ಮೆ, ಕುರಿ, ಕೋಳಿಯ ಮೂವತ್ತು ನಲವತ್ತು ಪುಸ್ತಕ ಮೂಲೆಯಲ್ಲಿ ಧೂಳು ಮೇಯುತ್ತಿದ್ದವು. ರಂಗನಾಥನ್ ಅವರ ಮೂರನೇ ಸೂತ್ರ 'ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ'. ಆ ಪುಸ್ತಕಗಳಿಗೆ ಓದುಗರು ಇನ್ನೂ ಹುಟ್ಟಿರಲಿಲ್ಲ. ಈ ಗುಟ್ಟನ್ನು ಒಬ್ಬ ಜೂನಿಯರ್‌ಗೆ ಹೇಳಿಕೊಟ್ಟೆ. ಕೈಮುಗಿಯುವುದೊಂದು ಬಾಕಿ, ಅಷ್ಟು ಭಕ್ತಿಯಿಂದ ಕೇಳಿಸಿಕೊಂಡ.

2000ದ ಜುಲೈ. ಪರೀಕ್ಷೆ ಮುಗಿದಿತ್ತು. ಉಳಿದದ್ದು ನೋ ಡ್ಯೂ, ಅಂದರೆ ಯಾವ ಬಾಕಿಯೂ ಇಲ್ಲ ಎನ್ನುವ ಪತ್ರ. ಐದು ಕಡೆ ಸಹಿ ಬೇಕು. ಹಾಸ್ಟೆಲ್, ಮೆಸ್, ವಿಭಾಗ ಬೇಗ ಮುಗಿದವು. ಕ್ರೀಡಾ ವಿಭಾಗದ ಕಡೆ ನಾನು ಎರಡು ವರ್ಷದಲ್ಲಿ ತಲೆ ಹಾಕಿದವನೇ ಅಲ್ಲ. ಆದರೂ ಅಲ್ಲಿಯವರು ನನ್ನ ಮೈಕಟ್ಟು ನೋಡದೆ, ಹಾಕಿ ಸ್ಟಿಕ್ ವಾಪಸ್ ಕೊಟ್ಟಿದ್ದೀಯಾ ಎಂದು ಎರಡು ಸಲ ಕೇಳಿ ಸಹಿ ಹಾಕಿದರು. ಕೊನೆಯದು ಲೈಬ್ರರಿ.

"ಒಂದು ಬುಕ್ಕು ನಿಮ್ಮ ಹತ್ರ ಇದೆಯಲ್ಲಪ್ಪಾ" ಎಂದರು ಕೌಂಟರಿನ ಮೇಡಂ. ಕೈಯಲ್ಲಿ ನನ್ನ ನಾಲ್ಕನೇ ಟಿಕೆಟ್. ಅದರೊಳಗೆ ಕಾರ್ಡು.

"ಇಲ್ಲ ಮೇಡಂ, ಅದು ರ್‍ಯಾಕಿನಲ್ಲಿದೆ."

"ನಿಮಗೆ ಹೇಗೆ ಗೊತ್ತು?"

ಈ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ.

ಮೇಡಂ ಕ್ಯಾಲ್ಕುಲೇಟರ್ ಒತ್ತಿದರು. 514 ದಿನ. 257 ರೂಪಾಯಿ. "ಬುಕ್ಕು ತಂದು ಕೊಟ್ಟರೆ ಇಷ್ಟು ದಂಡ. ಕಳೆದುಹೋಗಿದ್ದರೆ ಬೆಲೆಯ ಎರಡರಷ್ಟು." ಐದನೇ ಸೂತ್ರ 'ಗ್ರಂಥಾಲಯ ಬೆಳೆಯುವ ಜೀವಿ'. ದಂಡವೂ ಅದರ ಜೊತೆಗೇ ಬೆಳೆದಿತ್ತು.

410ರ ಸಾಲಿಗೆ ಓಡಿದೆ. ಪುಸ್ತಕ ಇಲ್ಲ. ಮೇಲಿನ ಸಾಲು, ಕೆಳಗಿನ ಸಾಲು, ಹಿಂದೆ ಬಿದ್ದದ್ದು, ಓದುವ ಮೇಜಿನ ಮೇಲಿನ ರಾಶಿ, ಬೈಂಡಿಂಗಿಗೆ ಕಟ್ಟಿಟ್ಟ ಗಂಟು, ಎಲ್ಲ ನೋಡಿದೆ. ನುಸಿಗುಳಿಗೆ ವಾಸನೆಗೆ ತಲೆ ಸುತ್ತಿತು. ಎರಡು ದಿನ ಹೀಗೇ. ನಾಲ್ಕನೇ ಸೂತ್ರ 'ಓದುಗನ ಸಮಯ ಉಳಿಸು'. ನಾನು ಆಗ ಓದುಗನಾಗಿರಲಿಲ್ಲ ಬಿಡಿ.

ಎರಡನೇ ದಿನ ರಾತ್ರಿ ಮೆಸ್ಸಿನಲ್ಲಿ ಅನ್ನಕ್ಕೆ ಮಜ್ಜಿಗೆ ಬಿತ್ತು. ನಮ್ಮ ಮೆಸ್ಸಿನ ಮಜ್ಜಿಗೆಗೂ ಹಸುವಿಗೂ ಬಹಳ ದೂರದ ಸಂಬಂಧ. ಆದರೂ ಆ ಕ್ಷಣಕ್ಕೆ ಹಸು ನೆನಪಾಯಿತು. ಹಸುವಿನ ಹಿಂದೆಯೇ 636.

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಇತ್ತು! ಎಮ್ಮೆ ಸಾಕಣೆಗೂ ಕೋಳಿ ರೋಗಕ್ಕೂ ನಡುವೆ, ನನ್ನ ಭಾಷಾಶಾಸ್ತ್ರ. ಕಿಟಕಿಯ ಗುರುತು ರಟ್ಟಿನ ಮೇಲೆ ಹಾಗೇ ಇತ್ತು. ಒಳಗೊಂದು ಚೀಟಿ: 'ದಯವಿಟ್ಟು ತೆಗೆಯಬೇಡಿ. ನಾಳೆ ಬರುತ್ತೇನೆ.'

ಖುಷಿ ಒಂದು ನಿಮಿಷವೂ ಉಳಿಯಲಿಲ್ಲ. ಸುಮ್ನೆ ಪುಸ್ತಕದ ಬೆಲೆ ನೋಡಿದೆ. ಅರವತ್ತು ರೂಪಾಯಿ. ಅದರ ಎರಡರಷ್ಟು ನೂರಿಪ್ಪತ್ತು. ಅಂದರೆ ಪುಸ್ತಕ ಸಿಕ್ಕರೆ ಇನ್ನೂರೈವತ್ತೆಂಟು (ಹುಡುಕಿದ ಎರಡು ದಿನಕ್ಕೆ ಮತ್ತೊಂದು ರೂಪಾಯಿ ಏರಿತ್ತು), ಸಿಗದಿದ್ದರೆ ನೂರಿಪ್ಪತ್ತು. ಎರಡು ದಿನ ಒದ್ದಾಡಿ ನಾನು ಹುಡುಕಿದ್ದು 138 ರೂಪಾಯಿಯ ನಷ್ಟ. ರಂಗನಾಥನ್ ಲೈಬ್ರರಿಗೆ ಬರುವ ಮೊದಲು ಗಣಿತದ ಮೇಷ್ಟರಾಗಿದ್ದರು. ಈ ಲೆಕ್ಕ ಅವರಿಗೂ ಒಪ್ಪಿಗೆಯಾಗುತ್ತಿತ್ತೋ ಏನೋ. ನಾನು ಪುಸ್ತಕವನ್ನು ಮೆಲ್ಲಗೆ ಎಮ್ಮೆಯ ಪಕ್ಕಕ್ಕೇ ವಾಪಸ್ ತಳ್ಳಿದೆ.

"ಅಣ್ಣಾ, ಅದು ನನ್ ಬುಕ್ಕು!"

ಹಿಂದೆ ನನ್ನ ಶಿಷ್ಯ. ನಾಲ್ಕೂ ಟಿಕೆಟ್ ತುಂಬಿದ್ದರಿಂದ, ನಾನೇ ಹೇಳಿಕೊಟ್ಟ ಹಾಗೆ ಬಚ್ಚಿಟ್ಟು ದಿನಾ ಬಂದು ಓದುತ್ತಿದ್ದನಂತೆ. ಕಿಟಕಿಗೆ ಒತ್ತಿಡದೆ ಅದನ್ನು ಓದಿದವನು ಬಹುಶಃ ಅವನೊಬ್ಬನೇ.

"ನಿಂದಲ್ಲ ಕಣೋ. ಒಂದೂವರೆ ವರ್ಷದಿಂದ ನನ್ನ ಹೆಸರಲ್ಲಿದೆ" ಎಂದೆ. ಪಿಸುಮಾತಿನಲ್ಲೇ ಹೇಳಿದ್ದು. ಆದರೆ ಅವನ "ಹಂಗಂದ್ರೆ?" ಎಂಬ ಪ್ರಶ್ನೆ 'ನಿಶ್ಶಬ್ದ' ಎಂದು ಬರೆದ ಬೋರ್ಡಿಗೇ ತಾಗಿ ವಾಪಸ್ ಬಂತು. ಅಟೆಂಡರ್ ಬಂದರು. ಪುಸ್ತಕ ನೋಡಿದರು, ಚೀಟಿ ಓದಿದರು, ಎಮ್ಮೆಗಳನ್ನು ನೋಡಿದರು. "ಸಿಕ್ತಲ್ಲಪ್ಪಾ, ನಡೀರಿ ಕೌಂಟರಿಗೆ" ಎಂದರು.

ಜೇಬಿನಲ್ಲಿ ಇದ್ದದ್ದು ನೂರ ಅರವತ್ತು. ಉಳಿದದ್ದಕ್ಕೆ ಶಿಷ್ಯನ ಮುಖ ನೋಡಿದೆ. ಒಂದು ನೂರರ ನೋಟು ಕೊಟ್ಟ. ಮೇಡಂ ರಸೀದಿ ಬರೆದು, ಮಿಕ್ಕ ಎರಡು ರೂಪಾಯಿ ಕೊಟ್ಟು, ನೋ ಡ್ಯೂ ಮೇಲೆ ಸೀಲು ಒತ್ತಿದರು. ಶಿಷ್ಯ ತನ್ನ ನಾಲ್ಕರಲ್ಲಿ ಒಂದು ಪುಸ್ತಕ ಅಲ್ಲೇ ವಾಪಸ್ ಕೊಟ್ಟು, ಭಾಷಾಶಾಸ್ತ್ರವನ್ನು ತನ್ನ ಹೆಸರಿಗೆ ಬರೆಸಿಕೊಂಡ. ಐದು ನಿಮಿಷದ ಕೆಲಸ. ಇಷ್ಟು ಸುಲಭ ಎಂದು ನನಗೆ ಯಾರೂ ಹೇಳಿರಲಿಲ್ಲ.

ಊರಿಗೆ ಬಂದು ಎರಡು ತಿಂಗಳಾಗಿತ್ತು. ಒಂದು ಕಾರ್ಡು ಬಂತು. ಎಲ್ಲರ ಕಾರ್ಡನ್ನೂ ಓದಿಯೇ ಕೊಡುವ ನಮ್ಮ ಪೋಸ್ಟ್‌ಮ್ಯಾನ್ ಆ ದಿನ ಜೋರಾಗಿ ನಗುತ್ತಾ ಅಪ್ಪನ ಕೈಗೆ ಕೊಟ್ಟಿದ್ದ. 'ಅಣ್ಣಾ, ನೂರು ರೂಪಾಯಿಯ ಡ್ಯೂ ಡೇಟ್ ದಾಟಿ ನಲವತ್ತು ದಿನ ಆಯ್ತು. ದಿನಕ್ಕೆ ಐವತ್ತು ಪೈಸೆ.'