ವಿಳಾಸ: ಕಾಡು

ಒದ್ದೆ ತರಗೆಲೆ ಸರಿಸಿದಾಗ ಆ ಹುಳು ಕಂಡಿತು. ಕಪ್ಪು, ಉದ್ದ ಮೈ. ತಮ್ಮನ ಅಂಗಿ ತೊಟ್ಟವರ ಹಾಗೆ ರೆಕ್ಕೆಯ ಚಿಪ್ಪು ಅರ್ಧಕ್ಕೇ ನಿಂತು ಹೊಟ್ಟೆಯೆಲ್ಲ ಆಚೆ. ನನ್ನನ್ನು ಕಂಡಿದ್ದೇ ಚೇಳಿನಂತೆ ಬಾಲ ಎತ್ತಿತು. ಕೊಂಡಿ ಇಲ್ಲ, ಸುಮ್ನೆ ಜಂಭ. ರೋವ್ ಬೀಟಲ್ ಎಂಬ ದುಂಬಿ ಕುಟುಂಬದ್ದು ಅಂತ ಗೊತ್ತಾಯಿತು. ಆದರೆ ಯಾವ ರೋವ್ ಬೀಟಲ್? ಪುಸ್ತಕ ತೆಗೆದರೆ, ಅದನ್ನೇ ಹೋಲುವ ಒಂದರ ಕೆಳಗೆ ಹೀಗಿತ್ತು: ‘ವಾಸ: ಕಾಡು. ಹರಡುವಿಕೆ: ಅಲ್ಲಲ್ಲಿ.’

ಅಲ್ಲಲ್ಲಿ ಅಂದರೆ ಎಲ್ಲಿ ಸ್ವಾಮಿ? ಈ ಕುಟುಂಬದಲ್ಲಿ 60,000ಕ್ಕೂ ಹೆಚ್ಚು ಜಾತಿಗಳಿವೆ. ಒಂದು ಅಣಬೆಯಡಿ, ಇನ್ನೊಂದು ತೊಗಟೆಯ ಸಂದಿಯಲ್ಲಿ, ಮತ್ತೊಂದು ಇರುವೆಗೂಡಲ್ಲಿ. ಎಲ್ಲಕ್ಕೂ ‘ಕಾಡು’ ಅಂತ ಬರೆದರೆ ಅಂಚೆಯವನು ಏನು ಮಾಡಬೇಕು?

ಇದೇ ಕುಟುಂಬದ ಕ್ವೀಡಿಯಸ್ ಡೈಲಟೇಟಸ್ ಎಂಬ ಯೂರೋಪಿನ ದುಂಬಿಯನ್ನೇ ನೋಡಿ. 1787ರಲ್ಲೇ ಕೀಟತಜ್ಞ ಫ್ಯಾಬ್ರೀಷಿಯಸ್ ಹೆಸರಿಟ್ಟ. ಇದೂ ಕಾಡಿನದ್ದೇ. ಆದರೆ ಬರೀ ಕಾಡು ಸಾಲದು. ಹಳೇ ಮರ ಬೇಕು, ಮರದಲ್ಲಿ ಪೊಟರೆ ಬೇಕು, ಪೊಟರೆಯಲ್ಲಿ ಯೂರೋಪಿನ ದೊಡ್ಡ ಕಡಜ ಗೂಡು ಕಟ್ಟಿರಬೇಕು. ನೂರಾರು ಕೊಂಡಿಗಳ ಮನೆಯ ಕೆಳಗೆ, ಬಿದ್ದ ಕಸದ ರಾಶಿಯಲ್ಲಿ, ಇದರ ಮರಿಗಳ ಸಂಸಾರ. ಊಟಕ್ಕೆ ಅಲ್ಲೇ ಸಿಗುವ ನೊಣದ ಹುಳುಗಳು. ಅಷ್ಟಾದರೂ ನೆಮ್ಮದಿಯೇ? ಕಡಜದ ಸಂಸಾರ ಒಂದೇ ವರ್ಷದ್ದು. ಚಳಿಗಾಲ ಬಂತೆಂದರೆ ಮನೆ ಖಾಲಿ. ಮುಂದಿನ ವರ್ಷ ಹೊಸ ರಾಣಿ ಹೊಸ ಗೂಡು ಕಟ್ಟಬೇಕು, ಇದು ಮತ್ತೆ ಹುಡುಕಿಕೊಂಡು ಹೋಗಬೇಕು. ಬೆಳೆದ ದುಂಬಿ ರಾತ್ರಿ ಓಕ್ ಮರದ ರಸ ಹೀರಲು ಬರುವುದೂ ಉಂಟು. ಪಾಪ, ಬೇಕಲ್ವಾ ಸ್ವಲ್ಪ. ಇಂಗ್ಲೆಂಡಿನಲ್ಲಿ ಇದು ಬಲು ಅಪರೂಪ. ಅಲ್ಲಿನ ನ್ಯೂ ಫಾರೆಸ್ಟ್ ಎಂಬ ಕಾಡಿನ ಹಳೇ ಮರಗಳ ನಡುವೆ ಸಿಕ್ಕರೆ ಸಿಕ್ಕೀತು. ಇಷ್ಟೆಲ್ಲ ಷರತ್ತಿರುವ ಬಾಡಿಗೆದಾರನ ವಿಳಾಸವನ್ನೂ ಒಂದೇ ಪದದಲ್ಲಿ ಮುಗಿಸುವವರಿದ್ದಾರಲ್ಲ!

ಹುಳು ಎಲ್ಲೆಲ್ಲಿ ಸಿಕ್ಕಿತೆಂದು ಚುಕ್ಕೆಯಿಟ್ಟ ನಕ್ಷೆಗಳು ಇನ್ನೂ ಸಿಟ್ಟು ತರಿಸುತ್ತವೆ. ಚುಕ್ಕೆಗಳೆಲ್ಲ ರಸ್ತೆಬದಿಗೇ ಸಾಲಾಗಿ ಕೂತಿರುತ್ತವೆ. ದುಂಬಿಗೆ ರಸ್ತೆಯ ಮೇಲೆ ಅಷ್ಟು ಪ್ರೀತಿಯೇನು? ಹುಳು ಹುಡುಕಲು ತರಗೆಲೆ ಜರಡಿ ಹಿಡಿಯುವವರು ಗಾಡಿ ನಿಲ್ಲಿಸಿದ ಜಾಗಗಳವು.

ಇಷ್ಟು ಬೈದ ಮೇಲೆ ನನ್ನ ಹುಳುವಿನ ವಿಳಾಸವನ್ನಾದರೂ ಸರಿಯಾಗಿ ಹೇಳಬೇಕಿತ್ತು. ಅದಕ್ಕೆ ಮೊದಲು ಹೆಸರು ಬೇಕು. ಇವುಗಳಲ್ಲಿ ಎಷ್ಟೋ ಜಾತಿಗಳಿಗೆ ಗಂಡು ಹುಳುವಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡದೆ ಹೆಸರು ಹೇಳಲಾಗದು. ನನ್ನ ಬಳಿ ಇರುವುದು ಒಂದು ಫೋಟೋ. ಅದರಲ್ಲಿ ಎಲೆ ತುಂಬಾ ಚೆನ್ನಾಗಿ ಬಂದಿದೆ.