ಸ್ಪಷ್ಟನೆ: 900 ಗಂಟೆ ಮುಗಿಸಿದ ಮಾತ್ರಕ್ಕೆ ಪಾಸ್ ಅಲ್ಲ

ಅಮೆರಿಕದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಲು ಹೊರಟವರ ನಡುವೆ ಒಂದು ಮಾತು ಓಡಾಡುತ್ತಿದೆ: '900 ಗಂಟೆ ಫೀಲ್ಡ್‌ವರ್ಕ್ ಮುಗಿಸಿದರೆ ಸಾಕು, ಪಾಸ್ ಆದ ಹಾಗೆ.' ಇದು ಸರಿಯಲ್ಲ. ಅಲ್ಲಿ ಈ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಕೌನ್ಸಿಲ್ ಆನ್ ಸೋಷಿಯಲ್ ವರ್ಕ್ ಎಜುಕೇಶನ್ ಹೇಳುವ 900 ಗಂಟೆ ಕನಿಷ್ಠ ಮಿತಿ ಮಾತ್ರ. ಅದರ 2022ರ ಮಾನದಂಡದಲ್ಲಿ 9 ಸಾಮರ್ಥ್ಯಗಳಿವೆ. ವಿದ್ಯಾರ್ಥಿ ಅವನ್ನು ನಿಜವಾದ ಕೆಲಸದಲ್ಲಿ ಮಾಡಿ ತೋರಿಸಬೇಕು. ನೆರವು ಕೇಳಿ ಬಂದು ಎದುರಿಗೆ ಕೂತವರು ಆತ್ಮಹತ್ಯೆಯ ಮಾತೆತ್ತಿದರು ಅಂದುಕೊಳ್ಳಿ. ಆಗ ವಿದ್ಯಾರ್ಥಿ ಏನು ಕೇಳಿದರು, ಯಾರಿಗೆ ತಿಳಿಸಿದರು ಅನ್ನೋದು ಹಾಜರಿ ಪುಸ್ತಕದಲ್ಲಿ ಕಾಣೋದಿಲ್ಲ, ಅಲ್ವಾ? ಜೀವದ ಪ್ರಶ್ನೆ ಇದು. ಅದಕ್ಕೇ ಫೀಲ್ಡ್‌ವರ್ಕ್ ಜಾಗದಲ್ಲಿ ಮಾರ್ಗದರ್ಶನ ಮಾಡುವ ಫೀಲ್ಡ್ ಇನ್‌ಸ್ಟ್ರಕ್ಟರ್ ಕೆಲಸವನ್ನು ನೋಡಿ ಮೌಲ್ಯಮಾಪನ ಬರೆಯುತ್ತಾರೆ. ಗಂಟೆ ತುಂಬಿದ್ದರೂ ಕೆಲಸ ಬಾರದಿದ್ದರೆ ಫೇಲ್ ಆಗಬಹುದು.